ಚಿತ್ರಪುಸ್ತಕಗಳ ಮೂಲಕ ಮಕ್ಕಳಿಗೆ ಕೆಳದಿ ಚೆನ್ನಮ್ಮನ ಪರಿಚಯ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ಅಧ್ಯಯನ ಪಾಠ

ಅಪಾಯದ ಸನ್ನಿವೇಶದಲ್ಲಿ ಅಸಾಧಾರಣ ಧೈರ್ಯ ತೋರಿದ ಮಕ್ಕಳಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ನೀಡುವ ಶೌರ್ಯ ಪ್ರಶಸ್ತಿಗೆ ಎರಡು ಹೆಸರುಗಳಿವೆ. ಬಾಲಕರಿಗೆ ಸಲ್ಲುವುದು ಹೊಯ್ಸಳ ಪ್ರಶಸ್ತಿ. ಬಾಲಕಿಯರಿಗೆ ಸಲ್ಲುವುದು ಕೆಳದಿ ಚೆನ್ನಮ್ಮ ಪ್ರಶಸ್ತಿ. ಅರ್ಜಿ ಆಹ್ವಾನದ ಪ್ರಕಟಣೆಯನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಓದಿದ ಐದನೆಯ ತರಗತಿಯ ಹುಡುಗಿಯೊಬ್ಬಳು ‘ಈ ಚೆನ್ನಮ್ಮ ಯಾರು?’ ಎಂದು ಕೇಳಿದರೆ ಹಿರಿಯರಿಂದ ಬಹುಮಟ್ಟಿಗೆ ದೊರೆಯುವ ಉತ್ತರ ಒಂದೇ: ‘ಬ್ರಿಟಿಷರೊಡನೆ ಕಾದಿದ ರಾಣಿ.’ ಇದು ತಪ್ಪು ಉತ್ತರ. ಬೇರೆ ಜಿಲ್ಲೆಯಲ್ಲಿ ಈ ತಪ್ಪನ್ನು ಮನ್ನಿಸಬಹುದೇನೋ, ಶಿವಮೊಗ್ಗ ಜಿಲ್ಲೆಯಲ್ಲಿ ಮನ್ನಿಸುವುದು ಕಷ್ಟ.

ಬ್ರಿಟಿಷರನ್ನು 1824ರಲ್ಲಿ ಎದುರಿಸಿದವಳು ಇಂದಿನ ಬೆಳಗಾವಿ ಜಿಲ್ಲೆಯ ಕಿತ್ತೂರಿನ ರಾಣಿ ಚೆನ್ನಮ್ಮ. ಬಿ. ಆರ್. ಪಂತುಲು ಅವರ ನಿರ್ದೇಶನದಲ್ಲಿ ಬಿ. ಸರೋಜಾದೇವಿ ನಟಿಸಿದ 1961ರ ಚಲನಚಿತ್ರವು ಆಕೆಯ ರೂಪವನ್ನು ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿತು. ಕೆಳದಿಯ ಚೆನ್ನಮ್ಮ ಆಕೆಗಿಂತ ಸುಮಾರು ಒಂದೂವರೆ ಶತಮಾನ ಹಿಂದಿನವಳು. 1672ರಿಂದ 1697ರವರೆಗೆ, ಅಂದರೆ ಇಪ್ಪತ್ತೈದು ವರ್ಷಗಳ ಕಾಲ, ಬಿದನೂರಿನಿಂದ ರಾಜ್ಯವಾಳಿದವಳು. ಆ ಬಿದನೂರೇ ಇಂದಿನ ಹೊಸನಗರ ತಾಲ್ಲೂಕಿನ ನಗರ. ಇವರಿಬ್ಬರ ನಡುವೆ ಮೂರನೆಯ ಹೆಸರೂ ಸೇರಿಕೊಳ್ಳುವುದುಂಟು: ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ, ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ. ಆಕೆಯ ಆಳ್ವಿಕೆಯನ್ನು ಕೊನೆಗಾಣಿಸಿದವರು ಕೆಳದಿಯ ಅರಸರೇ ಎಂಬುದನ್ನು ಇಲ್ಲಿ ಮರೆಮಾಚುವ ಅಗತ್ಯವಿಲ್ಲ.

ಸಕ್ರೆಬೈಲಿನಂತಹ ಊರಿನ ಮಕ್ಕಳಿಗೆ ಈ ವಿಷಯ ದೂರದ್ದಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಗಾಜನೂರು ಅಣೆಕಟ್ಟೆಯ ಹಿನ್ನೀರಿನ ಅಂಚಿನಲ್ಲಿ ಈ ಊರಿದೆ. ಆನೆ ಬಿಡಾರದ ಮಾವುತರು, ಕಾವಾಡಿಗಳು, ಅಡಿಕೆ ತೋಟದ ಕೆಲಸಗಾರರು ಮತ್ತು ಸಣ್ಣ ಹಿಡುವಳಿದಾರರ ಮನೆಗಳ ಮಕ್ಕಳು ಇಲ್ಲಿ ಬೆಳೆಯುತ್ತಾರೆ. ಅದೇ ರಸ್ತೆಯಲ್ಲಿ ಮುಂದುವರಿದರೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕೆಳದಿ ಅರಸರ ಕವಲೇದುರ್ಗವಿದೆ. ಹಿಂದಕ್ಕೆ ಹೋದರೆ ಶಿವಮೊಗ್ಗ ನಗರದಲ್ಲಿ ಶಿವಪ್ಪ ನಾಯಕನ ಅರಮನೆ ಇದೆ. ಅದು ಇಂದು ಸರ್ಕಾರಿ ವಸ್ತುಸಂಗ್ರಹಾಲಯ. ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ‘ಚನ್ನಗಿರಿ’ ಎಂಬ ಫಲಕ ಹೊತ್ತು ನಿಲ್ಲುವ ಬಸ್ಸು ಹೋಗಿ ಸೇರುವ ಊರಿಗೆ ಆ ಹೆಸರು ಬಂದದ್ದೂ ಈ ರಾಣಿಯಿಂದಲೇ. ಮಕ್ಕಳು ಆ ಹೆಸರನ್ನು ದಿನವೂ ಓದುತ್ತಾರೆ. ಅದರ ಹಿಂದೆ ಒಬ್ಬಳು ಮನುಷ್ಯಳಿದ್ದಳೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಕನ್ನಡದ ಮಕ್ಕಳಿಗೆ ಚಿತ್ರಪುಸ್ತಕ ಹೊಸತಲ್ಲ

ಶಿವರಾಮ ಕಾರಂತರು 1930ರ ದಶಕದಲ್ಲಿಯೇ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಮಕ್ಕಳಿಗಾಗಿ ಚಿತ್ರಗಳೊಡನೆ ಹೊರತಂದಿದ್ದರು. ‘ಚಂದಮಾಮ’ ಕನ್ನಡದಲ್ಲಿ 1940ರ ದಶಕದ ಕೊನೆಯಿಂದ ಮನೆಮನೆಗೆ ಬಂದಿತು. ‘ಅಮರ ಚಿತ್ರ ಕಥೆ’ಯೆಂದರೆ 1967ರಲ್ಲಿ ಅನಂತ ಪೈ ಅವರು ಆರಂಭಿಸಿದ ಇಂಗ್ಲಿಷ್ ಮಾಲೆಯೆಂದು ತಿಳಿಯುವುದು ವಾಡಿಕೆ. ಅದಕ್ಕೂ ಮೊದಲೇ, 1965ರ ಸುಮಾರಿಗೆ, ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಆ ಹೆಸರಿನ ಮೊದಲ ಚಿತ್ರಕಥೆಗಳು ಕನ್ನಡದಲ್ಲಿಯೇ ಹೊರಬಂದಿದ್ದವು. 1970ರ ದಶಕದಲ್ಲಿ ರಾಷ್ಟ್ರೋತ್ಥಾನ ಸಾಹಿತ್ಯವು ಎಲ್. ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ‘ಭಾರತ-ಭಾರತಿ’ ಮಾಲೆಯನ್ನು ತಂದಿತು; ಅಂಗೈಯಗಲದ, ಐನೂರಕ್ಕೂ ಹೆಚ್ಚು ಜೀವನಚರಿತ್ರೆಗಳು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆ, ನವಕರ್ನಾಟಕದ ಮಕ್ಕಳ ಪುಸ್ತಕಗಳು ಕನ್ನಡದಲ್ಲಿ ದೊರೆಯುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ನಡೆಸುತ್ತಿರುವ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಬಹುದು.

ಆದುದರಿಂದ ಕೊರತೆಯಿರುವುದು ಪುಸ್ತಕಗಳಲ್ಲಿ ಅಷ್ಟಾಗಿ ಅಲ್ಲ, ಆಯ್ಕೆಯಲ್ಲಿ. ಗ್ರಂಥಾಲಯಕ್ಕೆ ಬರುವ ಪುಸ್ತಕಗಳ ಕಟ್ಟನ್ನು ಬಿಚ್ಚಿ ದಾಸ್ತಾನು ವಹಿಗೆ ಸೇರಿಸುವುದರೊಡನೆ ಬಹಳಷ್ಟು ಕಡೆ ಕೆಲಸ ಮುಗಿಯುತ್ತದೆ. ಮುಖಪುಟದ ಮೇಲೇನಿದೆ, ಒಳಗೆ ಏನನ್ನು ಚಿತ್ರಿಸಲಾಗಿದೆ, ಏನನ್ನು ಬಿಡಲಾಗಿದೆ ಎಂದು ತಿರುವಿ ನೋಡುವವರು ಕಡಿಮೆ. ಇನ್ನೂ ಓದಲು ಬಾರದ ಮಗುವಾದರೋ ಮೊದಲು ನೋಡುವುದು ಚಿತ್ರವನ್ನೇ. ಅದಕ್ಕೆ ಚಿತ್ರವೇ ಚರಿತ್ರೆ.

ಕುದುರೆ, ಖಡ್ಗ ಮತ್ತು ಕಡತ

ರಾಣಿಯರ ಕುರಿತ ಚಿತ್ರಗಳಲ್ಲಿ ಒಂದು ಅಚ್ಚು ರೂಢಿಯಾಗಿದೆ. ಮುಂಗಾಲೆತ್ತಿದ ಕುದುರೆ, ಮೇಲೆತ್ತಿದ ಖಡ್ಗ, ಹಿಂದೆ ಹಾರುವ ಸೆರಗು. ಝಾನ್ಸಿ, ಕಿತ್ತೂರು, ಕೆಳದಿ, ಉಳ್ಳಾಲ ಯಾವುದೇ ಆಗಲಿ, ಕೆಳಗಿನ ಹೆಸರನ್ನು ಅಳಿಸಿದರೆ ಚಿತ್ರ ಯಾರದೆಂದು ತಿಳಿಯುವುದಿಲ್ಲ. ಹಿರಿಯರು ಇಬ್ಬರು ಚೆನ್ನಮ್ಮರನ್ನು ಒಬ್ಬಳೆಂದು ತಿಳಿಯಲು ಹೆಸರಿನ ಸಾಮ್ಯದಷ್ಟೇ ಈ ಅಚ್ಚೂ ಕಾರಣವಾಗಿರಬೇಕು. ಇಪ್ಪತ್ತೈದು ವರ್ಷಗಳ ಆಳ್ವಿಕೆಯಲ್ಲಿ ರಣಾಂಗಣಕ್ಕೆ ಸಂದ ದಿನಗಳೆಷ್ಟು, ಮಂತ್ರಾಲೋಚನೆ, ಕಂದಾಯ, ನ್ಯಾಯ, ರಾಯಭಾರ, ಬಂದರುಗಳ ವ್ಯಾಪಾರಕ್ಕೆ ಸಂದ ದಿನಗಳೆಷ್ಟು ಎಂದು ಯೋಚಿಸಿದರೆ ಈ ಚಿತ್ರದ ಕೊರತೆ ತಿಳಿಯುತ್ತದೆ.

ಪಂಚಾಯಿತಿ ಕಚೇರಿಯಲ್ಲಿ ದಿನಕ್ಕೆ ನೂರು ಬಾರಿ ಬಳಕೆಯಾಗುವ ‘ಕಡತ’ ಎಂಬ ಪದವನ್ನೇ ಗಮನಿಸಬಹುದು. ಇಂದು ಅದರ ಅರ್ಥ ರಟ್ಟಿನ ಹೊದಿಕೆಯ ಕಾಗದದ ಕಟ್ಟು. ಹಿಂದೆ ಅದು ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬಿಳಿಯ ಅಕ್ಷರಗಳಲ್ಲಿ ಲೆಕ್ಕ ಬರೆಯುತ್ತಿದ್ದರು. ಮಲೆನಾಡಿನ ಮಠಗಳಲ್ಲಿ, ಶಾನುಭೋಗರ ಮನೆಗಳಲ್ಲಿ ಇಂತಹ ಕಡತಗಳು ಉಳಿದುಬಂದಿವೆ. ಕೆಳದಿ ಅರಸರ ಪೈಕಿ 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಹೆಸರು ಇಂದಿಗೂ ಜನರ ಬಾಯಲ್ಲಿರುವುದು ಯುದ್ಧಗಳಿಗಿಂತ ಹೆಚ್ಚಾಗಿ ‘ಶಿಸ್ತಿ’ಗಾಗಿ: ಭೂಮಿಯನ್ನು ಮಣ್ಣಿನ ಗುಣಕ್ಕನುಸಾರವಾಗಿ ವರ್ಗೀಕರಿಸಿ, ಇಳುವರಿಯನ್ನು ಪರೀಕ್ಷಿಸಿ ಕಂದಾಯ ನಿಗದಿಪಡಿಸಿದ ಪದ್ಧತಿಗಾಗಿ. ಚೆನ್ನಮ್ಮನ ಕೈಗೆ ಬಂದ ರಾಜ್ಯ ಅಂತಹ ಲೆಕ್ಕಪತ್ರಗಳ ಮೇಲೆ ನಿಂತಿತ್ತು. ಆಕೆಯ ದತ್ತುಪುತ್ರ ಬಸವಪ್ಪ ನಾಯಕನು ಮುಂದೆ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶದಂತಹ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅಂತಹ ಮಗನನ್ನು ಬೆಳೆಸಿದ ಅರಮನೆಯಲ್ಲಿ ಖಡ್ಗದಷ್ಟೇ ಪುಸ್ತಕಗಳೂ ಇದ್ದಿರಬೇಕು.

ರಾಣಿಯು ಚಾವಡಿಯಲ್ಲಿ ಕುಳಿತು ಕಡತ ಓದಿಸಿ ಕೇಳುತ್ತಿರುವ ಒಂದು ಪುಟ ಮಕ್ಕಳ ಪುಸ್ತಕದಲ್ಲಿದ್ದರೆ ಅದರಿಂದ ಹುಡುಗಿಯರಿಗೆ ತಿಳಿಯುವುದು ಬೇರೆಯೇ. ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವ ರಾಜ್ಯವಿದು. ಅಮ್ಮ ಅಥವಾ ಅತ್ತೆ ಚುನಾಯಿತ ಸದಸ್ಯೆಯಾಗಿದ್ದರೂ ಸಭೆಯ ದಿನ ಅಪ್ಪನೋ ಮಾವನೋ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೊರಡುವುದನ್ನು ನೋಡುವ ಮಗು, ಮಹಿಳೆಯೊಬ್ಬಳು ಲೆಕ್ಕ ಕೇಳಿ ತೀರ್ಮಾನ ಹೇಳುವ ಚಿತ್ರವನ್ನು ಎಲ್ಲಿಯಾದರೂ ನೋಡಬೇಡವೇ?

1689ರ ಒಂದು ತೀರ್ಮಾನ

ಚೆನ್ನಮ್ಮನ ಜೀವನದಿಂದ ಮಕ್ಕಳಿಗೆ ಒಂದೇ ಘಟನೆಯನ್ನು ಹೇಳಬೇಕಾದರೆ 1689ರದ್ದನ್ನು ಆರಿಸಿಕೊಳ್ಳುವುದು ಉಚಿತ. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಔರಂಗಜೇಬನ ವಶವಾಗಿದ್ದವು. 1689ರ ಮಾರ್ಚಿಯಲ್ಲಿ ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಸೆರೆಯಲ್ಲಿ ಕೊಲ್ಲಲಾಯಿತು. ಕಿರಿಯ ಮಗ ರಾಜಾರಾಮನು ಮುತ್ತಿಗೆಗೊಳಗಾಗಲಿದ್ದ ರಾಯಗಡದಿಂದ ತಪ್ಪಿಸಿಕೊಂಡು, ಪನ್ಹಾಳದ ಮೂಲಕ, ವೇಷ ಮರೆಸಿಕೊಂಡು ದೂರದ ಜಿಂಜಿಯ ಕೋಟೆಯತ್ತ ಹೊರಟನು. ಆಗ ಅವನಿಗೆ ವಯಸ್ಸು ಹತ್ತೊಂಬತ್ತು. ದಾರಿಯಲ್ಲಿದ್ದುದು ಬಿದನೂರು. ದೊಡ್ಡ ಸುಲ್ತಾನರ ರಾಜ್ಯಗಳೇ ಮಣ್ಣುಗೂಡಿದ ಮೇಲೆ ಒಂದು ಮಲೆನಾಡ ರಾಜ್ಯದ ರಾಣಿಯು ಚಕ್ರವರ್ತಿಯು ಹುಡುಕುತ್ತಿದ್ದ ಯುವಕನಿಗೆ ಆಶ್ರಯ ಕೊಟ್ಟು, ಸುರಕ್ಷಿತವಾಗಿ ಮುಂದಕ್ಕೆ ದಾಟಿಸಿದಳು. ರಾಜಾರಾಮನು ಜಿಂಜಿ ತಲುಪಿದನು.

ಈ ಕಥೆಯನ್ನು ಹೇಳುವಾಗ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೊಂದಿದೆ. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಸೂರೆ ಮಾಡಿದ್ದನು. ಕುಂದಾಪುರದ ಸಮೀಪದ ಬಸರೂರು ಕೆಳದಿ ರಾಜ್ಯದ ಸಂಪದ್ಭರಿತ ಬಂದರು. ಅಂದರೆ ಬಾಗಿಲಿಗೆ ಬಂದು ನಿಂತವನು ಇಪ್ಪತ್ನಾಲ್ಕು ವರ್ಷಗಳ ಹಿಂದೆ ತನ್ನ ರಾಜ್ಯದ ಪಟ್ಟಣವನ್ನು ದೋಚಿದವನ ಮಗ. ಆಶ್ರಯ ಕೊಟ್ಟ ತೀರ್ಮಾನದ ತೂಕ ತಿಳಿಯಬೇಕಾದರೆ ಮಕ್ಕಳಿಗೆ ಇದೂ ತಿಳಿದಿರಬೇಕು. ಇದನ್ನು ಬಿಟ್ಟು ಹೇಳಿದರೆ ಕಥೆಯು ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಸೋಲಿಸಿದ ಕಥೆಯಾಗಿ, ಮತದ ಬಣ್ಣ ಹಚ್ಚಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಮಾವುತರ ಮನೆಗಳ, ಕೂಲಿಕಾರರ ಮನೆಗಳ ಎಲ್ಲ ಮತಗಳ ಮಕ್ಕಳೂ ಒಂದೇ ಜಮಖಾನದ ಮೇಲೆ ಕುಳಿತು ಕೇಳುವ ಕಥೆಯಿದು. ಓದಿ ಹೇಳುವವರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ರಾಣಿಯ ಎದುರಿಗಿದ್ದ ಪ್ರಶ್ನೆ ರಾಜಕೀಯದ್ದು ಮತ್ತು ಧರ್ಮಸಂಕಟದ್ದು: ಆಶ್ರಯ ಬೇಡಿ ಬಂದವನನ್ನು ಒಪ್ಪಿಸಿ ರಾಜ್ಯವನ್ನು ಕಾಪಾಡಿಕೊಳ್ಳುವುದೋ, ಉಳಿಸಿ ರಾಜ್ಯವನ್ನು ಅಪಾಯಕ್ಕೊಡ್ಡುವುದೋ.

ಮುಂದಿನದನ್ನೂ ಪ್ರಾಮಾಣಿಕವಾಗಿ ಹೇಳುವುದು ಒಳ್ಳೆಯದು. ಔರಂಗಜೇಬನು ಸೇನೆ ಕಳುಹಿಸಿದನು. ಮಲೆನಾಡಿನ ಕಾಡು ಮಳೆಗಳಲ್ಲಿ ಆ ಸೇನೆ ಕಂಗೆಟ್ಟು ಸಂಧಿಗೆ ಒಪ್ಪಿತೆಂಬುದು ಕನ್ನಡ ನಾಡಿನ ಕಥನ. ಮೊಗಲ್ ದಾಖಲೆಗಳನ್ನು ಆಧರಿಸಿದ ಇತಿಹಾಸಕಾರರು, ರಾಣಿಯು ಸಣ್ಣ ಮೊತ್ತದ ದಂಡ ತೆತ್ತು ಪ್ರಕರಣವನ್ನು ಇತ್ಯರ್ಥಗೊಳಿಸಿದಳೆಂದು ಬರೆಯುತ್ತಾರೆ. ಎರಡನ್ನೂ ಹೇಳಿದರೆ ರಾಣಿಯ ಘನತೆಗೆ ಕುಂದು ಬರುವುದಿಲ್ಲ. ಹತ್ತು ವರ್ಷದ ಮಗುವಿಗೂ, ಒಂದೇ ಜಗಳವನ್ನು ಎರಡು ಮನೆಯವರು ಎರಡು ಬಗೆಯಾಗಿ ಹೇಳುತ್ತಾರೆಂಬುದು ತನ್ನ ಕೇರಿಯಿಂದಲೇ ಗೊತ್ತಿರುತ್ತದೆ. ಒಟ್ಟು ಫಲ ಮಾತ್ರ ನಿರ್ವಿವಾದ: ಯುವಕ ಬದುಕಿದನು, ರಾಜ್ಯವೂ ಉಳಿಯಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವವರೆಗೆ ಕೆಳದಿಯ ಅರಸೊತ್ತಿಗೆ ನಡೆಯಿತು.

ಕಷ್ಟದ ಪುಟವೆಂದರೆ ಮೊದಲನೆಯದು. ಚೆನ್ನಮ್ಮ ಅಧಿಕಾರಕ್ಕೆ ಬಂದದ್ದು ಗಂಡ ಸೋಮಶೇಖರ ನಾಯಕನ ಕೊಲೆಯ ನಂತರ. ಅದಕ್ಕೂ ಮೊದಲು ಅವನು ರಾಜ್ಯದ ಕೆಲಸಗಳಿಂದ ವಿಮುಖನಾಗಿ, ಆಸ್ಥಾನದಲ್ಲಿ ಒಳಜಗಳ ಬೆಳೆದಿತ್ತೆಂದು ಪರಂಪರೆಯ ಕಥನಗಳು ಹೇಳುತ್ತವೆ. ಈ ಭಾಗದಲ್ಲಿ ಬರುವ ನರ್ತಕಿಯ ಪ್ರಸಂಗವನ್ನು ಕೆಲವು ಲೇಖಕರು ವಿಸ್ತರಿಸುತ್ತಾರೆ. ಮಕ್ಕಳ ಪುಸ್ತಕಕ್ಕೆ ಅದು ಬೇಕಾಗಿಲ್ಲ. ಆದರೆ ‘ರಾಜ ತೀರಿಕೊಂಡನು’ ಎಂಬ ಒಂದೇ ವಾಕ್ಯದಲ್ಲಿ ತೇಲಿಸುವುದೂ ಸರಿಯಲ್ಲ. ಮನೆಯ ಯಜಮಾನ ಕುಡಿತಕ್ಕೋ ಕಾಯಿಲೆಗೋ ಬಿದ್ದಾಗ ಸಂಸಾರ ಹೊತ್ತ ತಾಯಂದಿರನ್ನು ನಮ್ಮ ಊರುಗಳ ಮಕ್ಕಳು ನೋಡಿರುತ್ತಾರೆ. ರಾಜನು ಕಾಯಿಲೆ ಬಿದ್ದನು, ಆಸ್ಥಾನದವರು ಕಿತ್ತಾಡಿದರು, ರಾಜನ ಕೊಲೆಯಾಯಿತು, ರಾಣಿಯು ರಾಜ್ಯದ ಹೊಣೆ ಹೊತ್ತಳು ಎಂದು ನೇರವಾಗಿ ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಆನೆಯ ಕಿವಿ, ಮಲೆನಾಡಿನ ಮಳೆ

ಪುಸ್ತಕ ಖರೀದಿಸುವ ಮೊದಲು ಚಿತ್ರಗಳನ್ನು ಪರೀಕ್ಷಿಸಬೇಕೆಂದರೆ ಹೇಗೆ ಎಂಬ ಪ್ರಶ್ನೆ ಬರಬಹುದು. ಸಕ್ರೆಬೈಲಿನಲ್ಲಿ ಇದಕ್ಕೆ ಪರಿಣತರು ಸಿದ್ಧರಿದ್ದಾರೆ. ಅವರು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾರೆ. ಗಣಕಯಂತ್ರದಲ್ಲಿ ಸಿದ್ಧ ಚಿತ್ರಗಳನ್ನು ಜೋಡಿಸಿ ಮಾಡಿದ ಅಗ್ಗದ ಪುಸ್ತಕಗಳಲ್ಲಿ ಕನ್ನಡದ ಅರಸರು ಬೀಸಣಿಗೆಯಂತಹ ಅಗಲ ಕಿವಿಯ ಆಫ್ರಿಕದ ಆನೆಯ ಮೇಲೆ ಸವಾರಿ ಮಾಡುವುದುಂಟು. ಹೆಣ್ಣಾನೆಗೆ ಉದ್ದನೆಯ ದಂತ ಬರೆಯುವುದುಂಟು. ಕತ್ತಿನ ಮೇಲೆ ಕೂರಬೇಕಾದ ಮಾವುತನನ್ನು ಬೆನ್ನಿನ ನಡುವೆ ಕೂರಿಸುವುದುಂಟು. ಬಿಡಾರದ ಮಕ್ಕಳಿಗೆ ಇದು ಒಂದೇ ನೋಟಕ್ಕೆ ತಿಳಿಯುತ್ತದೆ. ಅವರಿಗೆ ತಪ್ಪು ಹುಡುಕಲು ಬಿಡುವುದು ಪುಸ್ತಕದೊಳಗೆ ಕರೆದೊಯ್ಯುವ ಒಳ್ಳೆಯ ದಾರಿ. ತರಗತಿಯಲ್ಲಿ ಓದಿನಲ್ಲಿ ಹಿಂದುಳಿದವನೆಂದು ಮೂಲೆಯಲ್ಲಿ ಕುಳಿತಿರುವ ಮಾವುತನ ಮಗ ಆ ದಿನ ಉಳಿದವರಿಗೆ ಪಾಠ ಹೇಳುವನು.

ಭೂದೃಶ್ಯವೂ ಅಷ್ಟೇ. ಬೋಳು ಗುಡ್ಡ, ಮರಳು, ರಾಜಸ್ಥಾನದ ಬುರುಜುಗಳ ನಡುವೆ ಕೆಳದಿಯ ರಾಣಿಯನ್ನು ನಿಲ್ಲಿಸಿದರೆ ಮಗುವಿಗೆ ಅದು ತನ್ನ ನಾಡೆಂದು ಗುರುತು ಸಿಗುವುದಿಲ್ಲ. ಪಾಚಿಗಟ್ಟಿದ ಜಂಬಿಟ್ಟಿಗೆ ಕಲ್ಲು, ಅಡಿಕೆ ತೋಟ, ಕಂಬಳಿಕೊಪ್ಪೆ ಹೊದ್ದ ಕಾವಲುಗಾರ, ಮಂಜಿನಲ್ಲಿ ಅರ್ಧ ಕಾಣುವ ಕೋಟೆ ಬಾಗಿಲು ಇದ್ದರೆ ತಾನಾಗಿಯೇ ಸಿಗುತ್ತದೆ. ಚಕ್ರವರ್ತಿಯ ಸೇನೆ ಇಲ್ಲಿ ಏಕೆ ತೊಂದರೆಪಟ್ಟಿತೆಂದು ಆಷಾಢದಲ್ಲಿ ಶಾಲೆಗೆ ನಡೆದುಹೋಗುವ ಮಗುವಿಗೆ ವಿವರಿಸಬೇಕಾಗಿಲ್ಲ.

ಓದಿಸುವ ಬಗೆ

ಪುಸ್ತಕವನ್ನು ಕೈಗೆ ಕೊಟ್ಟು ‘ಓದಿಕೋ’ ಎಂದರೆ ಚಿತ್ರ ನೋಡಿ ಮುಚ್ಚಿಡುವ ಮಕ್ಕಳೇ ಹೆಚ್ಚು. ಗಟ್ಟಿಯಾಗಿ ಓದಿ ಹೇಳುವವರು ಬೇಕು. ಗ್ರಂಥಾಲಯ ಮೇಲ್ವಿಚಾರಕರು, ಶಿಕ್ಷಕರು, ಸ್ವಸಹಾಯ ಸಂಘದ ಸದಸ್ಯೆಯರು ಯಾರಾದರೂ ಆಗಬಹುದು. ಪಂಚಾಯಿತಿ ಸದಸ್ಯೆಯೇ ಆದರೆ ಇನ್ನೂ ಸೊಗಸು. ಮೊದಲು ಅಕ್ಷರಗಳನ್ನು ಮುಚ್ಚಿ ಚಿತ್ರಗಳನ್ನಷ್ಟೇ ತೋರಿಸಿ, ಏನಾಗುತ್ತಿದೆಯೆಂದು ಮಕ್ಕಳಿಂದಲೇ ಹೇಳಿಸಬೇಕು. ಬಳಿಕ ಓದಬೇಕು. ವೇಷ ಮರೆಸಿದ ಯುವಕ ಬಾಗಿಲಿಗೆ ಬಂದ ಪುಟದಲ್ಲಿ ನಿಲ್ಲಿಸಬೇಕು, ಮತ್ತು ಅಲ್ಲಿ ಅವಸರಪಡಬಾರದು. ಬಸರೂರಿನ ಸೂರೆಯನ್ನು ನೆನಪಿಸಿ, ಬಿಜಾಪುರಕ್ಕೆ ಒದಗಿದ ಗತಿಯನ್ನು ಹೇಳಿ, ನೀವು ಮಂತ್ರಿಗಳಾಗಿದ್ದರೆ ರಾಣಿಗೆ ಏನು ಸಲಹೆ ಕೊಡುತ್ತಿದ್ದಿರಿ ಎಂದು ಕೇಳಬೇಕು. ‘ಒಪ್ಪಿಸಿಬಿಡಬೇಕಾಗಿತ್ತು’ ಎನ್ನುವ ಮಗುವನ್ನು ಗದರಬಾರದು. ಆ ಕಾಲದ ಆಸ್ಥಾನದಲ್ಲಿಯೂ ಹಾಗೆಂದವರು ಇದ್ದಿರಬಹುದು. ಪ್ರಜೆಗಳ ಪ್ರಾಣದ ಚಿಂತೆಯಿಂದ ಹುಟ್ಟುವ ಮಾತದು.

ಕೊನೆಯಲ್ಲಿ ಒಂದು ನಕಾಶೆ ಬೇಕು. ಶಿವಮೊಗ್ಗ ಜಿಲ್ಲೆಯ ನಕಾಶೆಯಲ್ಲಿ ಕೆಳದಿ, ಇಕ್ಕೇರಿ, ನಗರ, ಕವಲೇದುರ್ಗಗಳನ್ನು ಮಕ್ಕಳೇ ಗುರುತಿಸಿ ತಮ್ಮ ಊರಿನಿಂದ ಗೆರೆ ಎಳೆಯಲಿ. ವರ್ಷದಲ್ಲೊಮ್ಮೆ ಪ್ರವಾಸ ಸಾಧ್ಯವಾದರೆ ಸಾಗರ ತಾಲ್ಲೂಕಿನ ಕೆಳದಿಗೆ ಕರೆದೊಯ್ಯುವುದು ಯೋಗ್ಯ. ಅಲ್ಲಿಯ ರಾಮೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ಕೆತ್ತಿರುವ ಗಂಡಭೇರುಂಡವನ್ನು ಮಕ್ಕಳು ರಾಜ್ಯ ಸರ್ಕಾರದ ಲಾಂಛನದಿಂದ ಗುರುತಿಸುತ್ತಾರೆ. ಇತಿಹಾಸಜ್ಞ ಕೆಳದಿ ಗುಂಡಾ ಜೋಯಿಸರ ಶ್ರಮದಿಂದ ಬೆಳೆದ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಹಳೆಯ ಕಾಗದಪತ್ರಗಳನ್ನು ಕಣ್ಣಾರೆ ನೋಡಬಹುದು.

ಪಂಚಾಯಿತಿಯ ಅಧಿಕಾರ ಮತ್ತು ಹೊಣೆ

ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರಿದ 11ನೆಯ ಅನುಸೂಚಿಯ 29 ವಿಷಯಗಳಲ್ಲಿ ಗ್ರಂಥಾಲಯವೂ ಒಂದು. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳ ಆಡಳಿತವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾಯಿತು. ಇಂದು ಅವು ‘ಅರಿವು ಕೇಂದ್ರ’ಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ಗ್ರಾಮಸ್ಥರು ಕಟ್ಟುತ್ತಲೇ ಇದ್ದಾರೆ. ಮನೆ ಕಂದಾಯದ ರಸೀದಿಯಲ್ಲಿ ಈ ಸಾಲನ್ನು ಗಮನಿಸುವವರು ವಿರಳ. ಆದರೆ ನೂರು ರೂಪಾಯಿ ತೆರಿಗೆ ಕಟ್ಟಿದ ಕೂಲಿಕಾರ್ಮಿಕ ತಾಯಿಯೂ ಮಕ್ಕಳ ಪುಸ್ತಕಕ್ಕೆಂದು ಆರು ರೂಪಾಯಿ ಕೊಟ್ಟಿರುತ್ತಾಳೆ.

ಆಯ್ಕೆಯ ವಿಷಯದಲ್ಲಿ ಗ್ರಂಥಾಲಯದ ಸಲಹಾ ಸಮಿತಿಯು ಪ್ರಕಾಶಕರ ಪಟ್ಟಿಗೆ ಸಹಿ ಹಾಕುವುದಕ್ಕಷ್ಟೇ ಸೀಮಿತವಾಗಬಾರದು. ಒಂದೇ ಶೀರ್ಷಿಕೆಯ ಹತ್ತು ಪ್ರತಿಗಳಿಗಿಂತ ಒಬ್ಬರೇ ನಾಯಕರ ಕುರಿತ ಎರಡು ಭಿನ್ನ ಪುಸ್ತಕಗಳು ಹೆಚ್ಚು ಪ್ರಯೋಜನಕಾರಿ. ಹೋಲಿಸಿ ನೋಡಲು ಮಕ್ಕಳಿಗೆ ಅವಕಾಶ ದೊರೆಯುತ್ತದೆ. ತೆಳ್ಳನೆಯ ಚಿತ್ರಪುಸ್ತಕಗಳನ್ನು ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಬೆನ್ನು ಮಾತ್ರ ಕಾಣುವಂತೆ ಜೋಡಿಸಿದರೆ ಅವು ಇಲ್ಲದಂತೆಯೇ ಸರಿ. ಗೋಡೆಗೆ ಎರಡೂವರೆ ಅಡಿ ಎತ್ತರದಲ್ಲಿ ಮರದ ಪಟ್ಟಿ ಹೊಡೆದು, ಮುಖಪುಟ ಕಾಣುವಂತೆ ಒರಗಿಸಿಟ್ಟರೆ ಸಾಕು. ಪುಸ್ತಕ ಹರಿಯುತ್ತದೆ ಎಂಬ ಆಕ್ಷೇಪ ಬರುತ್ತದೆ. ಹರಿಯಲಿ, ಓದಿ ಹರಿದದ್ದನ್ನು ದಾಸ್ತಾನು ವಹಿಯಿಂದ ತೆಗೆಯಲು ಕ್ರಮವಿದೆ.

ಕೊನೆಯದಾಗಿ, ಊರಿನಲ್ಲಿಯೇ ಪುಸ್ತಕ ಮಾಡುವ ಸಾಧ್ಯತೆಯಿದೆ. ಡಾ. ಬಿ. ಆರ್. ಅಂಬೇಡ್ಕರ್ ಅವರ ಬಾಲ್ಯ ಮತ್ತು ಹೋರಾಟಗಳನ್ನು ಹೇಳುವ ‘ಭೀಮಾಯನ’ ಎಂಬ ಚಿತ್ರಪುಸ್ತಕವು 2011ರಲ್ಲಿ ಪ್ರಕಟವಾಯಿತು. ಅದರ ಚಿತ್ರಗಳನ್ನು ಬರೆದವರು ಮಧ್ಯಪ್ರದೇಶದ ಗೊಂಡ ಸಮುದಾಯದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಮನೆಯ ಗೋಡೆ ನೆಲಗಳ ಮೇಲೆ ತಮ್ಮವರು ಬರೆಯುತ್ತಿದ್ದ ರೇಖೆಗಳಲ್ಲಿಯೇ ಅವರು ಕಥೆ ಹೇಳಿದರು. ಚೌಕಗಳೊಳಗೆ ಚಿತ್ರ ಕೂರಿಸುವ ಪದ್ಧತಿಯನ್ನೇ ಬಿಟ್ಟರು. ನೀರಿಗಾಗಿ ಬಾಯಾರಿದ ಬಾಲಕನ ಕಥೆಯಲ್ಲಿ ಮೀನುಗಳು, ರೈಲಿನ ಜಾಗದಲ್ಲಿ ಹಾವು ಬಂದವು. ಶಿವಮೊಗ್ಗ ಜಿಲ್ಲೆಗೂ ಅಂತಹ ಸ್ವಂತ ಲಿಪಿಯುಂಟು. ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರುಗೆ ಕಾಯಿಯ ಹಳದಿಗಳಿಂದ, ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಕೆಳದಿ ಇರುವುದೂ ಅದೇ ಸೀಮೆಯಲ್ಲಿ. ಆ ಗೆರೆಗಳಲ್ಲಿ ಚೆನ್ನಮ್ಮನ ಕಥೆ ಬರೆದರೆ ಮುಂಗಾಲೆತ್ತಿದ ಕುದುರೆಯ ಅಚ್ಚಿನಿಂದ ಆಕೆ ತಾನಾಗಿಯೇ ಬಿಡುಗಡೆ ಹೊಂದುವಳು.

ಇದಕ್ಕೆ ಮುದ್ರಣಾಲಯದ ಅಗತ್ಯವೂ ಇಲ್ಲ. ಹನ್ನೆರಡು ದಪ್ಪ ಹಾಳೆ, ಮಕ್ಕಳು, ಚಿತ್ತಾರ ಬಲ್ಲ ಒಬ್ಬ ಅಜ್ಜಿ, ಅಕ್ಷರ ಬರೆಯಲು ಒಬ್ಬ ಶಿಕ್ಷಕರು ಸೇರಿದರೆ ಒಂದು ಪುಸ್ತಕ. ಅಜ್ಜಿಗೆ ಸಲ್ಲಬೇಕಾದ ಗೌರವಧನವನ್ನು ಮಾತ್ರ ಮರೆಯಬಾರದು. ಹೆಸರನ್ನು ಮುಖಪುಟದಲ್ಲಿಯೇ ಬರೆಯಬೇಕು. ಸಿದ್ಧವಾದುದನ್ನು ಮೊಬೈಲಿನಲ್ಲಿ ಸೆರೆಹಿಡಿದು ಪಿಡಿಎಫ್ ಮಾಡಿದರೆ ನೆರೆಯ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ ಕಳುಹಿಸಬಹುದು.

ನವೆಂಬರ್ ತಿಂಗಳ ಆಸುಪಾಸಿನಲ್ಲಿ ಮಕ್ಕಳ ಗ್ರಾಮ ಸಭೆಗಳು ನಡೆಯುತ್ತವೆ. ಶೌಚಾಲಯ, ಕುಡಿಯುವ ನೀರು, ಬಸ್ಸಿನ ಸಮಯಗಳ ಬೇಡಿಕೆಗಳೊಡನೆ, ಯಾವ ಪುಸ್ತಕಗಳು ಬೇಕೆಂದು ಕೇಳುವ ಒಂದು ವಿಷಯವನ್ನು ಅದರ ಕಾರ್ಯಸೂಚಿಯಲ್ಲಿ ಸೇರಿಸಬಹುದು. ಮಕ್ಕಳು ಹೇಳಿದ ಹೆಸರುಗಳನ್ನು ನಡಾವಳಿಯಲ್ಲಿ ದಾಖಲಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಗ್ರಂಥಾಲಯ ಕರದ ಲೆಕ್ಕದೊಡನೆ ಮಂಡಿಸತಕ್ಕದ್ದು. ಖರೀದಿಸಿದ ಪುಸ್ತಕವನ್ನು ಕೇಳಿದ ಮಗುವಿನ ಕೈಯಿಂದಲೇ ಮೊದಲು ತೆರೆಸತಕ್ಕದ್ದು.